ಒಂಟಿ ಜೋಡಿ

ಜುಲೈ 5, 1981, ಆದಿತ್ಯವಾರ

ಅಣ್ಣನ ಬ್ಯಾಂಕಿನಲ್ಲಿ ಹೊಸ ವರ್ಷಕ್ಕೆ ಕೊಟ್ಟ ಡೈರಿ ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು. ಜೂನ್‌ವರೆಗಿನ ಖಾಲಿ ಪುಟಗಳಲ್ಲಿ ಸೂತ್ರಗಳನ್ನು ಬರೆದು ಕಲಿಯುವುದು, ಉಳಿದ ಪುಟಗಳಲ್ಲಿ ಇದನ್ನು ಬರೆಯುವುದು ಎಂದುಕೊಂಡಿದ್ದೇನೆ. ಮನೆಯಲ್ಲಿ ಆಡುವುದು ತುಳು, ಬರೆಯುವಾಗ ಕನ್ನಡ. ಕನ್ನಡದಲ್ಲಿ ಬರೆದರೆ ನನ್ನ ಸಂಗತಿಯೂ ಬೇರೆ ಯಾರದೋ ಎಂಬ ಹಾಗೆ ಕಾಣುತ್ತದೆ. ಅದೇ ಒಳ್ಳೆಯದು.

ಇವತ್ತು ಕಾಪುವಿನಿಂದ ಬಸ್ಸು ಹತ್ತಿ ಶಿರ್ವಕ್ಕೆ ಹೋಗಿ ಎಸ್ತರ್ ಟೀಚರನ್ನು ಕಂಡು ಬಂದೆ. ಉಡುಪಿಯ ಕಾಲೇಜಿನಲ್ಲಿ ನನಗೆ ಕೆಮಿಸ್ಟ್ರಿ ಕಲಿಸಿದವರು. ಈಗ ನಿವೃತ್ತರಾಗಿ ಒಬ್ಬರೇ ಇದ್ದಾರೆ. ಪಕ್ಕದಲ್ಲಿ ಅವರ ತಮ್ಮನದು ದೊಡ್ಡ ತಾರಸಿ ಮನೆ. ತಮ್ಮ ಕುವೈತಿನಲ್ಲಿ, ಮನೆಗೆ ಬೀಗ. ಟೀಚರ್ ಇರುವುದು ಹಳೆಯ ಹೆಂಚಿನ ಮನೆಯಲ್ಲೇ.

ನನ್ನನ್ನು ನೋಡಿ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿದರು. "ನೀನು ನರ್ಮದಾ ಅಲ್ವಾ? ಎಲ್ಲದರಲ್ಲಿ ಪಾಸಾಗಿ ನನ್ನ ಸಬ್ಜೆಕ್ಟಿನಲ್ಲಿ ಮಾತ್ರ ಫೇಲಾದವಳು."

ಹೌದು ಎಂದೆ. ಫೇಲಾದ ವರ್ಷವೇ ಮದುವೆಯಾಯಿತು, ಬೊಂಬಾಯಿಗೆ ಹೋದೆ, ಸುಭಾಷಿಣಿ ಹುಟ್ಟಿದಳು, ಅವಳಿಗೆ ಐದಾದಾಗ ತವರಿಗೆ ಬಂದುಬಿಟ್ಟೆ ಎಂದು ಹೇಳಿದೆ. ಬಂದದ್ದು ಯಾಕೆ ಎಂದು ಕೇಳಿದರು. "ಅವರಿಗೆ ಅಲ್ಲಿ ಬೇರೆ ಒಬ್ಬರು ಇದ್ದಾರೆ" ಎಂದೆ. ಮನೆಯ ಹೊರಗಿನವರಿಗೆ ಇದನ್ನು ಬಾಯಿ ಬಿಟ್ಟು ಹೇಳಿದ್ದು ಇದೇ ಮೊದಲು. ಅವರ ಮೇಲೆ ದೂರು ಹೇಳಿದ ಹಾಗಾಯಿತಲ್ಲ ಎಂದು ಬಸ್ಸಿನಲ್ಲಿ ಬರುವಾಗ ಸಂಕಟವಾಯಿತು. ಒಂದು ದಿನ ಅವರು ಬಂದೇ ಬರುತ್ತಾರೆ. ಬಂದಾಗ ಈ ಮಾತು ಕಿವಿಗೆ ಬೀಳದಿರಲಿ.

ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಉಂಟು. ಡಿಸೆಂಬರಿನ ತಂಡಕ್ಕೆ ನನ್ನನ್ನು ತೆಗೆದುಕೊಳ್ಳುತ್ತಾರಂತೆ, ಆದರೆ ಪಿಯುಸಿ ವಿಜ್ಞಾನ ಪೂರ್ತಿ ಪಾಸಾಗಿರಬೇಕು. ಅಕ್ಟೋಬರಿನಲ್ಲಿ ಕೆಮಿಸ್ಟ್ರಿ ಒಂದನ್ನು ಕಟ್ಟಿದರೆ ಆಯಿತು. ಪಾಠಪಟ್ಟಿ ಮಾತ್ರ ಹೊಸದು.

"ಪ್ರತಿ ಆದಿತ್ಯವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಮೇಲೆ ನಾನು ಖಾಲಿ. ಬಾ. ಅಳಬಾರದು, ತಡ ಮಾಡಬಾರದು" ಎಂದರು.

ಬೆಲ್ಲ, ನೀರು ತಂದಿಟ್ಟರು. ಬಾಯಾರಿಕೆ ಇಲ್ಲ ಎಂದೆ. ಬಾಯಾರಿತ್ತು. ಹೊರಡುವಾಗಲೇ ಅಣ್ಣ ಎಚ್ಚರಿಸಿದ್ದ, ಕ್ರಿಶ್ಚಿಯನ್ನರ ಮನೆಯಲ್ಲಿ ಏನೂ ಮುಟ್ಟಬೇಡ ಎಂದು.

ಜುಲೈ 12, ಆದಿತ್ಯವಾರ

ಅಣುಗಳಿಗೆ ಆಕಾರ ಉಂಟಂತೆ. ನಮ್ಮ ಕಾಲದಲ್ಲಿ ಇದು ಇರಲಿಲ್ಲ. ಪುಸ್ತಕದಲ್ಲಿ ಮೀಥೇನಿನ ಚಿತ್ರ: ನಡುವೆ ಕಾರ್ಬನ್, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ಹೈಡ್ರೋಜನ್.

"ಇದು ಹೇಗೆ ಉಂಟು, ಹೇಳು" ಎಂದರು ಟೀಚರ್.

"ಶಿಲುಬೆಯ ಹಾಗೆ" ಎಂದೆ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ.

ಅವರು ನಕ್ಕರು. "ಕಾಗದಕ್ಕೆ ದಪ್ಪ ಇಲ್ಲ, ಹಾಗಾಗಿ ಶಿಲುಬೆ. ಅಣು ಕಾಗದದಲ್ಲಿ ವಾಸ ಮಾಡುವುದಿಲ್ಲ ಮಾರಾಯ್ತಿ."

ನಿಯಮ ಸುಲಭವೇ. ನಡುವಿನ ಪರಮಾಣು ಯಾವುದು ನೋಡಬೇಕು. ಅದರ ಸುತ್ತ ಎಲೆಕ್ಟ್ರಾನುಗಳ ಎಷ್ಟು ಜೋಡಿ ಉಂಟು ಎಣಿಸಬೇಕು. ಜೋಡಿಗಳಿಗೆ ಪರಸ್ಪರ ಆಗಿಬರುವುದಿಲ್ಲ. ಆದಷ್ಟು ದೂರ ದೂರ ನಿಲ್ಲುತ್ತವೆ. ಹಾಗೆ ನಿಂತಾಗ ಆಗುವುದೇ ಆಕಾರ. "ಒಂದೇ ಮನೆಯ ಓರಗಿತ್ತಿಯರ ಹಾಗೆ" ಎಂದರು ಟೀಚರ್, ಮದುವೆಯೇ ಆಗದವರು.

"ನಾಲ್ಕು ಜನ ಆಗದವರು ಒಂದು ಕೋಣೆಯಲ್ಲಿ. ಎಲ್ಲಿ ನಿಲ್ಲುತ್ತಾರೆ?"

"ನಾಲ್ಕು ಮೂಲೆಗಳಲ್ಲಿ."

"ನೆಲದಲ್ಲೇ ನಿಲ್ಲಬೇಕೆಂದು ಯಾರು ಹೇಳಿದ್ದು? ಮೇಲೆ ಅಟ್ಟವೂ ಉಂಟಲ್ಲ?"

ಕಣ್ಣು ಮುಚ್ಚಿ ನೋಡು ಎಂದರು. ಮುಚ್ಚಿದೆ. ಕಂಡದ್ದು ಬೊಂಬಾಯಿಯ ಮಾಟುಂಗದಲ್ಲಿದ್ದ ನಮ್ಮ ಕೋಣೆ. ಬಾಗಿಲ ಹತ್ತಿರ ಅವರ ಚಪ್ಪಲಿ ಇರುತ್ತಿದ್ದ ಜಾಗ. ನನಗೆ ಏನೂ ಕಾಣುವುದಿಲ್ಲ ಟೀಚರ್ ಎಂದೆ. ಅಳಲಿಲ್ಲ. ಬಸ್ಸಿನಲ್ಲಿ ಅತ್ತೆ.

ಜುಲೈ 16, ಗುರುವಾರ

ಅತ್ತಿಗೆ ಇವತ್ತು ನನ್ನನ್ನು ಅರೆಯುವ ಕಲ್ಲಿನ ಎದುರಿನಿಂದ ಎಬ್ಬಿಸಿದರು. "ನೀನು ಅರೆದರೆ ಅಕ್ಕಿ ಅಕ್ಕಿಯೇ ಉಳಿಯುತ್ತದೆ. ಮನಸ್ಸೆಲ್ಲ ಪುಸ್ತಕದಲ್ಲಿ. ಹೋಗು ಆಚೆ." ರಮಾಮಣಿ ಅತ್ತಿಗೆಯ ಮಾತೇ ಹಾಗೆ, ಹಸಿಮೆಣಸಿನ ಹಾಗೆ. ನಾನು ಈ ಮನೆಯಲ್ಲಿ ಒಂದು ಹೆಚ್ಚಿನ ಹೊಟ್ಟೆ. ಅರೆಯಲಿಕ್ಕೂ ಆಗದವಳು ಎಂದಾಯಿತು. ಚಾವಡಿಯಲ್ಲಿ ಕುಳಿತು ಸಿಟ್ಟಿನಲ್ಲೇ ಒಂದು ಅಧ್ಯಾಯ ಓದಿ ಮುಗಿಸಿದೆ.

ಜುಲೈ 29, ಬುಧವಾರ

ಕಂಡಿತು! ಬರೆಯದೆ ಇರಲಾರೆ.

ಮಧ್ಯಾಹ್ನ ಅಂಗಳದ ಮೂಲೆಯಿಂದ ಕಾಯಿಗಳನ್ನು ಒಳಗೆ ತರಲು ಹೇಳಿದರು ಅತ್ತಿಗೆ. ಸಿಪ್ಪೆ ಸುಲಿದು ಜುಟ್ಟು ಬಿಟ್ಟ ತೆಂಗಿನಕಾಯಿಗಳು. ಎರಡೆರಡನ್ನು ಜುಟ್ಟಿಗೆ ಜುಟ್ಟು ಕಟ್ಟಿ ತರುವುದು ವಾಡಿಕೆ. ಒಂದೇ ಸಲಕ್ಕೆ ಆಗಲಿ ಎಂದು ನಾನು ನಾಲ್ಕನ್ನೂ ಸೇರಿಸಿ ಬಿಗಿದು ಕಟ್ಟಿದೆ. ನೆಲದ ಮೇಲೆ ಇಟ್ಟಾಗ ಅವು ಸಾಲಾಗಿ ಮಲಗಲಿಲ್ಲ. ಒಂದನ್ನೊಂದು ದೂಡಿ ಮೂರು ಕೆಳಗೆ ಕಾಲು ಚಾಚಿ ಕುಳಿತವು, ನಾಲ್ಕನೆಯದು ಜಾಗ ಸಾಲದೆ ನೆಟ್ಟಗೆ ಮೇಲೆ ಎದ್ದು ನಿಂತಿತು. ಯಾವ ಕಡೆ ಹೊರಳಿಸಿದರೂ ಹಾಗೆಯೇ, ಮೂರು ಕೆಳಗೆ, ಒಂದು ಮೇಲೆ. ಕಟ್ಟಿದ ಗಂಟೇ ಕಾರ್ಬನ್. ನಾಲ್ಕು ಕಾಯಿಗಳು ನಾಲ್ಕು ಜೋಡಿಗಳು. ಪುಸ್ತಕ ಹೇಳುವ ಟೆಟ್ರಾಹೆಡ್ರಲ್ ಆಕಾರ ಇದೇ!

ಹೊರಳಿಸಿ ಹೊರಳಿಸಿ ನೋಡುತ್ತ ಅಂಗಳದಲ್ಲೇ ಕುಳಿತುಬಿಟ್ಟೆ. ಅತ್ತಿಗೆ ಬಾಗಿಲಿಗೆ ಬಂದರು. "ಸಾಂಬಾರಿಗೆ ಕಾಯಿ ಕೇಳಿದರೆ ಇವಳು ಕಾಯಿಗೆ ಜಡೆ ಹಾಕುತ್ತಿದ್ದಾಳೆ! ಎಂತ ಅದು?"

"ಮೀಥೇನ್."

"ಕೃಷ್ಣಾ!" ಎಂದು ಒಳಗೆ ಹೋದರು.

ಸಂಜೆ ಅಡುಗೆಗೆ ಕಾಯಿಯನ್ನೇ ಹಾಕಿರಲಿಲ್ಲ. ಬರೀ ತಿಳಿಸಾರು, ಉಪ್ಪಿನಕಾಯಿ. ಅಣ್ಣ ಮುಖ ಗಂಟಿಕ್ಕಿ ಉಂಡ. ನನ್ನ ಮೇಲಿನ ಸಿಟ್ಟಿಗೆ ಅತ್ತಿಗೆ ಹಾಗೆ ಮಾಡಿರಬೇಕು. ನನ್ನ ನಾಲ್ಕು ಕಾಯಿಗಳು ಮಾತ್ರ ಕಟ್ಟಿದ ಹಾಗೆಯೇ ಚಾವಡಿಯ ಮೂಲೆಯಲ್ಲಿ ಉಂಟು.

ಆಗಸ್ಟ್ 2, ಆದಿತ್ಯವಾರ

ಟೀಚರಿಗೆ ಕಾಯಿಯ ಕತೆ ಹೇಳಿದೆ. ಒಳಗೆ ಹೋಗಿ ಎರಡು ಲೋಟ ಚಹಾ ತಂದರು. ಸಕ್ಕರೆ ಜಾಸ್ತಿಯಾಗಿತ್ತು. ಆಮೇಲೆ ಅಮೋನಿಯಾ ಶುರು ಮಾಡಿದೆವು.

ಅಮೋನಿಯಾದಲ್ಲಿ ನೈಟ್ರೋಜನ್ ನಡುವೆ, ಹೈಡ್ರೋಜನ್ ಮೂರೇ. ಆದರೆ ಎಣಿಸಿದರೆ ಜೋಡಿ ನಾಲ್ಕು. ಒಂದು ಜೋಡಿಯನ್ನು ನೈಟ್ರೋಜನ್ ಯಾರೊಡನೆಯೂ ಹಂಚಿಕೊಂಡಿಲ್ಲ. ಅದಕ್ಕೆ ಲೋನ್ ಪೇರ್ ಎಂದು ಹೆಸರು. ಕನ್ನಡದಲ್ಲಿ ಒಂಟಿ ಜೋಡಿ ಎನ್ನಬಹುದೇ ಎಂದೆ.

"ಜೋಡಿಯಾದರೆ ಒಂಟಿ ಹೇಗೆ ಟೀಚರ್?"

"ಇಬ್ಬರು ಇದ್ದಾರೆ, ಆದರೆ ಅವರಿಗೆ ಹೊರಗಿನ ಯಾರ ಸಂಬಂಧವೂ ಇಲ್ಲ. ಹಾಗೆ."

"ಅಂಥವರು ಇದ್ದರೂ ಇಲ್ಲದ ಹಾಗೆ ಅಲ್ವಾ?"

"ಅಲ್ಲಿಯೇ ಮಕ್ಕಳೆಲ್ಲ ತಪ್ಪುವುದು. ಆಕಾರಕ್ಕೆ ಹೆಸರು ಇಡುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಉಳಿದ ಮೂವರನ್ನು ಕೆಳಗೆ ಒತ್ತಿ ಹಿಡಿಯುವುದು ಅದುವೇ. ಬೇರೆಯವರಿಗಿಂತ ಅದಕ್ಕೇ ಹೆಚ್ಚು ಜಾಗ ಬೇಕು."

ಮನೆಗೆ ಬಂದು ಮೇಲಿನ ಕಾಯಿಗೆ ಟವೆಲು ಸುತ್ತಿದೆ. ಕೆಳಗಿನ ಮೂರು ಮಾತ್ರ ನೋಡಿದರೆ ಮುಕ್ಕಾಲಿ ಮಣೆಯ ಕಾಲುಗಳ ಹಾಗೆ. ಅದೇ ಅಮೋನಿಯಾ. ಎರಡಕ್ಕೆ ಸುತ್ತಿದರೆ ನೀರು, ಬಗ್ಗಿದ ಆಕಾರ. ಸುಭಾಷಿಣಿ ಕೇಳಿದಳು, "ಅಮ್ಮ, ಕಾಯಿಗೆ ಚಳಿಯಾ?" ತುಂಬಾ ದಿನವಾಗಿತ್ತು ನಾನು ಹಾಗೆ ನಗದೆ.

ಆಗಸ್ಟ್ 18, ಮಂಗಳವಾರ

ಅಣ್ಣ ಬ್ಯಾಂಕಿನಿಂದ ಬಂದವನೇ ಅಂಗಿಯನ್ನೂ ಕಳಚದೆ ಹೇಳಿದ: "ಮಧ್ವರಾಜ ಊರಿಗೆ ಬಂದಿದ್ದಾನಂತೆ. ಕಾರ್ಕಳದಲ್ಲಿ ಅವನ ಅಣ್ಣನ ಮನೆಯಲ್ಲಿ ಇದ್ದಾನೆ. ಆದಿತ್ಯವಾರ ಇಲ್ಲಿಗೆ ಬರುತ್ತಾನಂತೆ."

ಕೈಯಲ್ಲಿದ್ದ ಚೊಂಬು ಎಲ್ಲಿ ಇಟ್ಟೆನೋ ಗೊತ್ತಾಗಲಿಲ್ಲ. ಅವರು ಬಂದಿದ್ದಾರೆ. ಮೂರು ವರ್ಷ ಬೊಂಬಾಯಿ ಬಸ್ಸು ಹೋಗುವ ಸದ್ದು ಕೇಳಿದಾಗೆಲ್ಲ ಎದೆ ಹಾರುತ್ತಿತ್ತು. ಈಗ ನಿಜವಾಗಿಯೂ ಬಂದಿದ್ದಾರೆ. ದೇವರ ಮುಂದೆ ದೀಪ ಹಚ್ಚಿದೆ. ಹಸಿರು ಸೀರೆಯನ್ನು ಬಿಸಿಲಿಗೆ ಹಾಕಬೇಕು, ಮಳೆಗೆ ಮುಗ್ಗಲು ವಾಸನೆ ಬಂದಿದೆ. ಅವರಿಗೆ ಆ ಸೀರೆ ಇಷ್ಟ. ಸುಭಾಷಿಣಿಗೆ ಹೇಳಿದರೆ "ಅಪ್ಪನಿಗೆ ಮೀಸೆ ಉಂಟಾ?" ಎಂದು ಕೇಳಿದಳು. ಅವಳಿಗೆ ಮುಖವೇ ಮರೆತಿದೆ.

ಈ ಆದಿತ್ಯವಾರ ಪಾಠಕ್ಕೆ ಬರುವುದಿಲ್ಲ ಎಂದು ಟೀಚರಿಗೆ ಹೇಳಿ ಕಳಿಸಬೇಕು.

ಆಗಸ್ಟ್ 23, ಆದಿತ್ಯವಾರ

ಬಂದು ಹೋದರು.

ತುಂಬಾ ಬಡವಾಗಿದ್ದಾರೆ. ಕಿವಿಯ ಹತ್ತಿರ ಬಿಳಿ ಕೂದಲು. ಸುಭಾಷಿಣಿಗೆ ಫ್ರಾಕ್ ತಂದಿದ್ದರು, ಗುಲಾಬಿ ಬಣ್ಣದ್ದು, ಐದು ವರ್ಷದ ಮಗುವಿನ ಅಳತೆಯದ್ದು. ಇವಳಿಗೀಗ ಎಂಟು. ಅವಳು ಎದ್ದು ನಿಂತಾಗ ಫ್ರಾಕ್ ಕೈಯಲ್ಲಿ ಹಿಡಿದುಕೊಂಡು ಅವಳನ್ನೇ ನೋಡುತ್ತ ಇದ್ದರು. ಆಮೇಲೆ ಮಡಚಿ ಚೀಲಕ್ಕೆ ಹಾಕಿಕೊಂಡರು.

ಅಣ್ಣನೊಡನೆ ಮಾತು. "ತಪ್ಪಾಯಿತು ಭಾವ. ಅದೆಲ್ಲ ಈಗ ಮುಗಿದಿದೆ. ಮಾಟುಂಗದಲ್ಲೇ ಬೇರೆ ಹೋಟೆಲಿನಲ್ಲಿ ಹಣದ ಗಲ್ಲೆಗೆ ಕುಳಿತುಕೊಳ್ಳುವ ಕೆಲಸ ಆಗಿದೆ. ಇವರಿಬ್ಬರನ್ನು ಕರೆದುಕೊಂಡು ಹೋಗುತ್ತೇನೆ. ಅಕ್ಟೋಬರ್ ಹತ್ತರ ಬಸ್ಸಿಗೆ."

ಅಣ್ಣನ ಮುಖ ಎಷ್ಟು ಹಗುರವಾಯಿತೆಂದರೆ, ಪಾಪ, ಇಷ್ಟು ದಿನ ನಾನು ಅವನಿಗೆ ಎಷ್ಟು ಭಾರವಾಗಿದ್ದೆ ಎಂದು ಗೊತ್ತಾಯಿತು.

ಅಡುಗೆಮನೆಯಿಂದ ಅತ್ತಿಗೆಯ ಸ್ವರ: "ಮುಗಿದದ್ದಾ, ಮುಗಿಸಿದ್ದಾ?"

ಅವರು ಕೆಳಗೆ ನೋಡಿದರು. "ಅವಳೇ ಹೋದಳು" ಎಂದರು. ಸುಳ್ಳು ಹೇಳಲಿಲ್ಲ. ಅದಕ್ಕೆ ಖುಷಿಪಡಬೇಕೋ ಬೇಡವೋ.

"ಹದಿನಾಲ್ಕಕ್ಕೆ ನನ್ನ ಪರೀಕ್ಷೆ ಉಂಟು" ಎಂದೆ. ನನ್ನ ಸ್ವರ ನನಗೇ ಸರಿಯಾಗಿ ಕೇಳಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

"ಇನ್ನು ಪರೀಕ್ಷೆ ಎಂತಕ್ಕೆ?" ಎಂದರು ಅವರು. ಗದರಿದ್ದಲ್ಲ, ಮೆತ್ತಗೆ, ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು. ಕಾಫಿ ತರಲು ಒಳಗೆ ಹೋದೆ.

ಹಸಿರು ಸೀರೆ ಉಟ್ಟದ್ದನ್ನು ಅವರು ಗಮನಿಸಲಿಲ್ಲ.

ಸೆಪ್ಟೆಂಬರ್ 6, ಆದಿತ್ಯವಾರ

ಟೀಚರಿಗೆ ಎಲ್ಲ ಹೇಳಿದೆ. ನಾನು ಎಂತ ಮಾಡಲಿ ಟೀಚರ್ ಎಂದು ಕೇಳಿದೆ.

"ನನಗೆ ಮದುವೆಯ ವಿಷಯ ಗೊತ್ತಿಲ್ಲ ಮಾರಾಯ್ತಿ. ಗೊತ್ತಿಲ್ಲದ್ದನ್ನು ಕಲಿಸುವುದಿಲ್ಲ. ಸಲ್ಫರ್ ಡೈಆಕ್ಸೈಡ್ ಮಾಡು."

ಕಾರ್ಬನ್ ಡೈಆಕ್ಸೈಡಿನ ಹಾಗೆಯೇ ನೇರ ಎಂದು ಬರೆದೆ. ಎರಡರಲ್ಲೂ ನಡುವೆ ಒಂದು, ಎರಡು ಕಡೆ ಆಕ್ಸಿಜನ್.

"ಎಣಿಸಿದ್ದೀಯಾ?"

"ಒಂದೇ ರೀತಿ ಕಾಣುತ್ತದೆ ಅಲ್ವಾ?"

"ಕಾಣುವುದನ್ನು ಕೇಳಲಿಲ್ಲ ನಾನು. ಎಣಿಸಿದ್ದೀಯಾ?"

ಎಣಿಸಿದೆ. ಕಾರ್ಬನ್ನಿನ ಎಲೆಕ್ಟ್ರಾನುಗಳೆಲ್ಲ ಬಂಧಕ್ಕೆ ಹೋಗಿ ಏನೂ ಉಳಿಯುವುದಿಲ್ಲ. ಸಲ್ಫರಿನಲ್ಲಿ ಒಂದು ಜೋಡಿ ಉಳಿಯುತ್ತದೆ. ಅದು ಒತ್ತುತ್ತದೆ, ಹಾಗಾಗಿ ಅಣು ಬಗ್ಗುತ್ತದೆ.

"ನೋಡಿದೆಯಾ? ಅಂದಾಜು ಮಾಡುವುದು ಬೇರೆ, ಎಣಿಸಿ ಹೇಳುವುದು ಬೇರೆ. ನೀನು ಹೆದರಿದಾಗ ಅಂದಾಜು ಮಾಡುತ್ತೀ. ಆ ವರ್ಷ ಪರೀಕ್ಷೆಯಲ್ಲಿ ಮಾಡಿದ್ದೂ ಅದನ್ನೇ."

ನಾನು ಹೊರಡುವಾಗ ಮಳೆ. ಕೊಡೆ ಹಿಡಿದು ಗೇಟಿನವರೆಗೆ ಬಂದರು. "ಹತ್ತಕ್ಕೆ ಹೋಗುವುದಾದರೆ ಮೊದಲೇ ಹೇಳು. ನಾನು ಆದಿತ್ಯವಾರ ಸುಮ್ಮನೆ ಚಹಾ ಇಟ್ಟು ಕಾಯುವುದು ಬೇಡ" ಎಂದರು. ಮುಖ ಮಾತ್ರ ರಸ್ತೆಯ ಕಡೆ ಇತ್ತು.

ಸೆಪ್ಟೆಂಬರ್ 12, ಶನಿವಾರ

ಸುಭಾಷಿಣಿಯನ್ನು ಕರೆದುಕೊಂಡು ಕಾರ್ಕಳಕ್ಕೆ ಹೋಗಿ ಬಂದೆ. ಮಗಳಿಗೆ ಅಪ್ಪನ ಪರಿಚಯವಾಗಲಿ ಎಂದು ಅಣ್ಣನೇ ಕಳಿಸಿದ.

ಸುಭಾಷಿಣಿಯ ಅಪ್ಪ ಅವಳಿಗಾಗಿ ತಾವೇ ಗೋಳಿಬಜೆ ಕರಿದರು. ಬೊಂಬಾಯಿಗೆ ಮೊದಲು ಹೋದಾಗ ಹೋಟೆಲಿನ ಅಡುಗೆಮನೆಯಲ್ಲಿದ್ದವರು, ಕೈ ಮರೆತಿಲ್ಲ. ಹಿಟ್ಟನ್ನು ಬೆರಳ ತುದಿಯಿಂದ ಎಣ್ಣೆಗೆ ಬಿಡುವಾಗ ಅವರ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಗಲ್ಲೆಯಲ್ಲಿ ಕುಳಿತಾಗ ಅದನ್ನು ಕಂಡ ನೆನಪಿಲ್ಲ. ಸುಭಾಷಿಣಿ ಒಲೆಯ ಪಕ್ಕದಲ್ಲೇ ಕುಳಿತು ತಿಂದಳು. ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಸುಲಭವಿತ್ತು.

"ಅದೆಂತ ಕಲಿಯುತ್ತಿದ್ದೀಯಂತೆ?" ಎಂದು ಕೇಳಿದರು. ಮಣೆಯ ಮೇಲೆ ಗೋಳಿಬಜೆ ಜೋಡಿಸಿ ಅಮೋನಿಯಾ ತೋರಿಸಿದೆ; ಕಾಣದ ಜೋಡಿ ಹೇಗೆ ಉಳಿದವನ್ನು ಒತ್ತುತ್ತದೆ ಎಂದು ಹೇಳಿದೆ. ಗಮನವಿಟ್ಟು ಕೇಳಿದರು. ಆಮೇಲೆ ನಗುತ್ತ ತಮ್ಮ ಅತ್ತಿಗೆಯ ಕಡೆ ತಿರುಗಿ, "ಅಲ್ಲಿ ಹೋದ ಮೇಲೆ ಇವಳಿಗೆ ಹೊತ್ತು ಹೋಗಲಿಕ್ಕೆ ಒಂದು ಟಿ.ವಿ. ತೆಗೆದುಕೊಡಬೇಕು" ಎಂದರು. ಪ್ರೀತಿಯಿಂದಲೇ ಹೇಳಿದ್ದು.

ಬರುವಾಗ ಬಸ್ಸು ಬೆಳ್ಮಣ್ಣಿನಲ್ಲಿ ಕೆಟ್ಟು ನಿಂತಿತು. ಬೋರಾನ್ ಟ್ರೈಫ್ಲೋರೈಡ್ ಯಾಕೆ ಚಪ್ಪಟೆ ಎಂದು ಬಸ್ಸಿನ ಟಿಕೇಟಿನ ಹಿಂದೆ ಮಾಡಿ ನೋಡಿದೆ. ಸರಿ ಬಂತು.

ಸೆಪ್ಟೆಂಬರ್ 24, ಗುರುವಾರ

ಐದು ಜೋಡಿ, ಆರು ಜೋಡಿ ಎಲ್ಲ ಬರುತ್ತದೆ ಈಗ. ಸಲ್ಫರ್ ಹೆಕ್ಸಾಫ್ಲೋರೈಡ್: ಆರು ಕಡೆಗೆ ಆರು. ಕಾಯಿ ಸಾಲದೆ ಅತ್ತಿಗೆಯನ್ನು ಕೇಳಿದೆ. ಗೊಣಗುತ್ತ ಇನ್ನೆರಡು ತಂದುಕೊಟ್ಟರು.

ಹತ್ತನೇ ತಾರೀಕಿನ ವಿಷಯ ಯಾರೂ ಎತ್ತುವುದಿಲ್ಲ. ನಾನೂ ಎತ್ತಿಲ್ಲ.

ಅಕ್ಟೋಬರ್ 4, ಆದಿತ್ಯವಾರ

ಟಿಕೇಟು ತೆಗೆದಾಯಿತಂತೆ, ಮೂವರಿಗೂ. ಅಣ್ಣ ಊಟಕ್ಕೆ ಕುಳಿತಾಗ ಹೇಳಿದ.

"ಪರೀಕ್ಷೆ ಹದಿನಾಲ್ಕಕ್ಕೆ, ಅಣ್ಣ."

"ಗೊತ್ತುಂಟು. ಪರೀಕ್ಷೆ ಯಾವಾಗ ಬೇಕಾದರೂ ಬರೆಯಬಹುದು. ಗಂಡ ಕರೆಯಲು ಬಂದಾಗ ಹೋಗದಿದ್ದರೆ ಮತ್ತೆ ಬರುತ್ತಾನಾ? ನಾನು ನಿನ್ನನ್ನು ಹೊರಗೆ ಹಾಕುತ್ತಿಲ್ಲ ನರ್ಮದಾ. ನಾಳೆ ನನಗೆ ಏನಾದರೂ ಆದರೆ ನಿನಗೆ ಯಾರು, ಹೇಳು?" ಅವನ ಕಣ್ಣಲ್ಲಿ ನೀರಿತ್ತು. ಹೆದರಿಕೆಯಿಂದ ಹೇಳುತ್ತಿದ್ದಾನೆ, ನನಗೆ ಗೊತ್ತು.

ನಾನು ಅನ್ನ ಕಲಸುತ್ತ ಕುಳಿತೆ. ಆಗ ಅತ್ತಿಗೆ ಸೌಟನ್ನು ಸಾರಿನ ಪಾತ್ರೆಗೆ ಕುಟ್ಟಿದರು.

"ಹೋಗುವುದಾದರೆ ಪರೀಕ್ಷೆ ಬರೆದು ಹೋಗಲಿ. ಮೂರು ತಿಂಗಳು ನಾನು ಒಬ್ಬಳೇ ಅರೆದದ್ದು ದಂಡಕ್ಕಲ್ಲ. ಇವಳಿಗೆ ಯಾರು ಎಂದು ಕೇಳುತ್ತೀರಲ್ಲ, ಇವಳಿಗೆ ಇವಳೇ ಇರಲಿ ಅಂತಲೇ ಆ ಪುಸ್ತಕ."

ಅಣ್ಣ ಎದ್ದು ಕೈ ತೊಳೆಯಲು ಹೋದ. ಅತ್ತಿಗೆಗೆ ಇವತ್ತು ಎಂತ ಆಯಿತೋ. ಅರೆಯುವ ಕೆಲಸದಿಂದ ಎಬ್ಬಿಸಿದ್ದು ಸಿಟ್ಟಿಗೆ ಎಂದುಕೊಂಡಿದ್ದೆ.

ಕಾರ್ಕಳಕ್ಕೆ ನಾನೇ ಹೋಗಿ ಹೇಳಿ ಬರುತ್ತೇನೆ ಎಂದು ಅಣ್ಣನಿಗೆ ಹೇಳಿದೆ.

ಅಕ್ಟೋಬರ್ 6, ಮಂಗಳವಾರ

ಹೋಗಿ ಬಂದೆ. ಸುಭಾಷಿಣಿಯ ಅಪ್ಪ ಅಂಗಳದಲ್ಲಿ ಒಬ್ಬರೇ ಇದ್ದರು.

"ಹತ್ತಕ್ಕೆ ನಾನು ಬರುವುದಿಲ್ಲ. ಪರೀಕ್ಷೆ ಬರೆಯಬೇಕು" ಎಂದೆ.

"ಸರಿ. ಟಿಕೇಟು ಹದಿನೈದಕ್ಕೆ ಮಾಡಿಸುತ್ತೇನೆ."

"ಪಾಸಾದರೆ ಮಣಿಪಾಲದಲ್ಲಿ ಸೀಟು ಉಂಟು."

"ಪಾಸಾಗದಿದ್ದರೆ?"

"ಏಪ್ರಿಲಿನಲ್ಲಿ ಮತ್ತೆ ಬರೆಯುತ್ತೇನೆ."

"ನನ್ನ ಮೇಲಿನ ಸಿಟ್ಟಾ?" ಎಂದು ಕೇಳಿದರು. ಯೋಚಿಸಿದೆ. ಹುಡುಕಿದರೆ ಸಿಟ್ಟು ಸಿಗಬಹುದಿತ್ತು, ಆದರೆ ಎದುರಿಗೆ ಇರಲಿಲ್ಲ. ಅಲ್ಲ ಎಂದೆ.

"ನೀವು ಇಲ್ಲಿಯೇ ಕೆಲಸ ಹುಡುಕಬಹುದಲ್ವಾ? ಉಡುಪಿಯಲ್ಲಿ ಹೋಟೆಲಿಗೆ ಬರವಾ?"

"ಊರಿನಲ್ಲಿ ನಾನು ಯಾವ ಮುಖ ಇಟ್ಟುಕೊಂಡು ಇರಲಿ ನರ್ಮದಾ? ಎಲ್ಲರಿಗೂ ಗೊತ್ತುಂಟು."

"ಎಲ್ಲರಿಗೂ ಗೊತ್ತಿದ್ದ ಊರಿನಲ್ಲೇ ನಾನು ಮೂರು ವರ್ಷ ಮುಖ ಇಟ್ಟುಕೊಂಡು ಇರಲಿಲ್ಲವಾ?"

ಜೋರಾಗಿ ಹೇಳಲಿಲ್ಲ. ಆದರೂ ಅವರು ಪೆಟ್ಟು ತಿಂದವರ ಹಾಗೆ ನೋಡಿದರು. ಹೇಳಬಾರದಿತ್ತೋ ಏನೋ. ಬಸ್ ನಿಲ್ದಾಣದವರೆಗೆ ನನ್ನ ಜೊತೆ ನಡೆದರು. ಹನಿ ಶುರುವಾದಾಗ ಕೊಡೆಯನ್ನು ನನ್ನ ಕಡೆಗೇ ಹಿಡಿದರು. ಅವರ ಒಂದು ಭುಜ ಪೂರ್ತಿ ಒದ್ದೆ. ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದರು.

ಅಕ್ಟೋಬರ್ 10, ಶನಿವಾರ

ಒಬ್ಬರೇ ಹೋದರಂತೆ. ನಾನು ಬಂಧಕೋನಗಳನ್ನು ಮತ್ತೊಮ್ಮೆ ಓದಿದೆ. ಮಧ್ಯಾಹ್ನ ಊಟ ಸೇರಲಿಲ್ಲ. ಸಂಜೆ ಎರಡು ಸಲ ಉಂಡೆ.

ಅಕ್ಟೋಬರ್ 14, ಬುಧವಾರ

ಉಡುಪಿಯಲ್ಲಿ ಪರೀಕ್ಷೆ. ಸುತ್ತಲೂ ಹದಿನೆಂಟರ ಮಕ್ಕಳು. ಪಕ್ಕದ ಹುಡುಗಿ ನನ್ನನ್ನು ಮೇಲ್ವಿಚಾರಕಿ ಎಂದುಕೊಂಡು ಎದ್ದು ನಿಂತಳು.

ಆಕಾರದ ಪ್ರಶ್ನೆ ಬಂದಿತ್ತು. ನೀರು, ಅಮೋನಿಯಾ ಗೊತ್ತಿದ್ದದ್ದೇ. ಮೂರನೆಯದು ಹೈಡ್ರೋನಿಯಂ ಅಯಾನು. ಟೀಚರ್ ಮಾಡಿಸಿರಲಿಲ್ಲ. ನಡುವೆ ಆಕ್ಸಿಜನ್, ಸುತ್ತ ಮೂರು ಹೈಡ್ರೋಜನ್, ತಲೆಯ ಮೇಲೆ ಒಂದು ಕೂಡಿಸುವ ಚಿಹ್ನೆ. ಆ ಚಿಹ್ನೆ ನೋಡಿ ಹೆದರಿದೆ. ಮೂರು ಮೂಲೆಗೆ ಮೂರು, ಚಪ್ಪಟೆ ಎಂದು ಬರೆದುಬಿಡಲು ಪೆನ್ನು ಎತ್ತಿದೆ. ಕೆಳಗಿಟ್ಟೆ. ಎಣಿಸಿದೆ. ಆಕ್ಸಿಜನ್ನಿನ ಆರು, ಹೈಡ್ರೋಜನ್ನಿನ ಮೂರು, ಒಂಬತ್ತು. ಚಿಹ್ನೆ ಎಂದರೆ ಒಂದು ಎಲೆಕ್ಟ್ರಾನು ಬಿಟ್ಟು ಹೋಗಿದೆ. ಉಳಿದದ್ದು ಎಂಟು, ಎಂದರೆ ನಾಲ್ಕು ಜೋಡಿ. ಮೂರು ಬಂಧಕ್ಕೆ, ಒಂದು ಒಂಟಿ. ಹಾಗಾದರೆ ಅಮೋನಿಯಾದ ಹಾಗೆಯೇ. ಒಂದು ಹೋದರೂ ಆಕಾರ ನಿಂತಿದೆ. ಕಾರಣ ಸಹಿತ ಬರೆದೆ.

ಹೊರಗೆ ಬಂದಾಗ ತುಂಬಾ ಹಸಿವಾಗಿತ್ತು. ರಥಬೀದಿಯ ಹತ್ತಿರ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದೆ. ಗೋಡೆಯ ಬದಿಯ ಮೇಜು ಖಾಲಿ ಇತ್ತು. ಚಟ್ನಿ ಇನ್ನೊಮ್ಮೆ ಹಾಕಿಸಿಕೊಂಡೆ.

ನವೆಂಬರ್ 27, ಶುಕ್ರವಾರ

ಪಾಸ್. ಅರವತ್ತೊಂದು.

ಅಣ್ಣ ಬ್ಯಾಂಕಿನಲ್ಲಿ ಎಲ್ಲರಿಗೂ ಸಿಹಿ ಹಂಚಿ ಬಂದನಂತೆ. ನನ್ನೊಡನೆ ಮಾತ್ರ "ಹ್ಞಾಂ, ಒಳ್ಳೆಯದಾಯಿತು" ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಶಿರ್ವಕ್ಕೆ ಓಡಿದೆ. ಟೀಚರ್ ಕನ್ನಡಕ ಹಾಕಿಕೊಂಡು ಅಂಕಪಟ್ಟಿ ನೋಡಿದರು.

"ಅರವತ್ತೊಂದಾ? ಬಾಕಿ ಎಲ್ಲಿ ಹೋಯಿತು?"

ಆಮೇಲೆ ಒಳಗೆ ಹೋಗಿ ಏಸುವಿನ ಪಟದ ಮುಂದೆ ಮೇಣದ ಬತ್ತಿ ಹಚ್ಚಿದರು. ಬರುವಾಗ ಮೂಗು ಒರೆಸಿಕೊಳ್ಳುತ್ತಿದ್ದರು. ಇನ್ನು ಮುಂದೆಯೂ ಆದಿತ್ಯವಾರ ಬರುತ್ತೇನೆ, ಕೋರ್ಸಿನ ಬಯಾಲಜಿ ನೀವೂ ಕಲಿತ ಹಾಗಾಗುತ್ತದೆ ಎಂದೆ. "ಈ ವಯಸ್ಸಿನಲ್ಲಿ ನನಗೆ ಪರೀಕ್ಷೆಯಾ?" ಎಂದರು. ಬೇಡ ಎನ್ನಲಿಲ್ಲ.

ಡಿಸೆಂಬರ್ 16, ಬುಧವಾರ

ತರಗತಿ ಬಿಟ್ಟು ಮಣಿಪಾಲದ ಬಸ್ ನಿಲ್ದಾಣಕ್ಕೆ ಬಂದರೆ ಮಧ್ವರಾಜ ನಿಂತಿದ್ದ. ಕೈಯಲ್ಲಿ ಚೀಲ ಇಲ್ಲ, ಕಾಲಲ್ಲಿ ರಬ್ಬರ್ ಚಪ್ಪಲಿ. ಬೊಂಬಾಯಿಯ ಕೆಲಸ ಬಿಟ್ಟು ಬಂದಿದ್ದಾನೆ. ಇಲ್ಲಿಯೇ ಒಂದು ಸಣ್ಣ ಹೋಟೆಲಿನಲ್ಲಿ ಅಡುಗೆಗೆ ಸೇರಿದ್ದಾನಂತೆ. ಗಲ್ಲೆಯಲ್ಲ, ದೋಸೆಕಲ್ಲು. ಕೈಯ ಮೇಲಿನ ರೋಮ ಸುಟ್ಟಿತ್ತು.

"ಊರಿನವರು ನೋಡುವುದಿಲ್ಲವಾ?" ಎಂದೆ.

"ನೋಡುತ್ತಾರೆ. ಕೆಲವರು ಮುಖ ತಿರುಗಿಸುತ್ತಾರೆ, ಕೆಲವರು ಇನ್ನೊಂದು ದೋಸೆ ಹೇಳುತ್ತಾರೆ."

ಪರ್ಕಳದ ರಸ್ತೆಯಲ್ಲಿ ಒಂದು ಬಾಡಿಗೆ ಮನೆ ನೋಡಿಟ್ಟಿದ್ದಾನೆ. ಬಂದು ನೋಡುತ್ತೀಯಾ ಎಂದು ಕೇಳಿದ. ಹೋದೆ. ಒಂದು ಕೋಣೆ, ಅಡುಗೆಮನೆ, ಹಿಂದೆ ಬಾವಿ. ಬಾವಿಗೆ ಇಣುಕಿ ನೋಡಿದೆ, ನೀರು ಚೆನ್ನಾಗಿದೆ. ಕೋಣೆಗೆ ಕಿಟಕಿ ಸಾಲದು. ಓದಲು ಬೆಳಕು ಬರುವುದಿಲ್ಲ ಎಂದೆ. ಶಾಲೆ ಎಷ್ಟು ದೂರ ಎಂದು ಕೇಳಿದೆ. ಅವನು ಬಾಗಿಲಲ್ಲೇ ನಿಂತು ಒಂದೊಂದಕ್ಕೂ ಉತ್ತರ ಹೇಳಿದ. "ಅಡುಗೆ ನಾನೇ ಮಾಡುತ್ತೇನೆ. ಬಾ ಎಂದು ಹೇಳಲು ಬಂದದ್ದಲ್ಲ ನರ್ಮದಾ. ಬರುತ್ತೀಯಾ ಎಂದು ಕೇಳಲಿಕ್ಕೆ ಬಂದದ್ದು."

"ನಾಳೆ ನನಗೆ ಟೆಸ್ಟ್ ಉಂಟು, ರಕ್ತದ ಸ್ಲೈಡಿನದ್ದು. ಅದು ಮುಗಿಯಲಿ. ಸುಭಾಷಿಣಿಯನ್ನೂ ಕೇಳಬೇಕು. ಯೋಚಿಸಿ ಹೇಳುತ್ತೇನೆ" ಎಂದೆ.

"ಯಾವಾಗ?"

"ಗೊತ್ತಿಲ್ಲ."

"ಆಗಲಿ. ಕಾಯುತ್ತೇನೆ."

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಟಪಾಡಿ ದಾಟುವವರೆಗೂ ಸ್ಲೈಡಿಗೆ ಬಣ್ಣ ಹಾಕುವ ಪಾಠ ಓದಿದೆ. ಮನೆಗೆ ಬಂದು ಅತ್ತಿಗೆಗೆ ಎಲ್ಲ ಹೇಳಿದೆ.

"ಅದಕ್ಕೆ ನೀನು ಎಂತ ಹೇಳಿದ್ದು?"

"ಯೋಚಿಸಿ ಹೇಳುತ್ತೇನೆ ಎಂದೆ. ಕಿಟಕಿ ಸಾಲದು ಅಲ್ಲಿ."

ಅತ್ತಿಗೆ ಕೈಯಲ್ಲಿದ್ದ ತರಕಾರಿ ಬಿಟ್ಟು ನನ್ನ ಮುಖವನ್ನೇ ನೋಡಿದರು. ಎಂತ ಎಂದು ಕೇಳಿದೆ. ಏನಿಲ್ಲ ಎಂದು ಒಲೆಯ ಕಡೆ ತಿರುಗಿದರು. ಯಾಕೆ ಹಾಗೆ ನೋಡಿದರೋ ತಿಳಿಯಲಿಲ್ಲ.

ಕಾಯುತ್ತೇನೆ ಎಂದಿದ್ದಾನೆ. ಕಾಯಲಿ. ನನಗೆ ಬೆಳಿಗ್ಗೆ ಮೊದಲ ಬಸ್ಸು ಹಿಡಿಯಬೇಕು.